ಒಂದು ಕಿಲೋಮೀಟರ್ ಅಂದ್ರೆ ಎಷ್ಟು ದೂರ?

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಜಿಲ್ಲಾವಾರು ಪಟ್ಟಿ ಓದೋ ಕೆಲಸ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತೆ. ಮೊದಲ ಸಲ ಓದಿದಾಗ ಗಾಬರಿಯಾಗಿತ್ತು. ರಾಜ್ಯದಲ್ಲಿರೋ ಜಿಲ್ಲೆಗಳಿಗಿಂತ ಪಟ್ಟಿಯಲ್ಲಿ ಹೆಸರುಗಳೇ ಜಾಸ್ತಿ! ಏನೋ ತಪ್ಪಾಗಿದೆ ಅಂತ ಡೆಸ್ಕಿಗೆ ಕೇಳಿದ್ದೆ, ಅವರು ನಕ್ಕಿದ್ದರು. ಇವತ್ತಿಗೂ ಅಷ್ಟೇ. ಕರ್ನಾಟಕದಲ್ಲಿ ಕಂದಾಯ ಜಿಲ್ಲೆಗಳು 31, ಶೈಕ್ಷಣಿಕ ಜಿಲ್ಲೆಗಳು 35. ಬೆಂಗಳೂರು ನಗರ ಜಿಲ್ಲೆ ಎರಡು ಹೋಳು. ಜತೆಗೆ ಮಧುಗಿರಿ, ಶಿರಸಿ, ಚಿಕ್ಕೋಡಿ ಅಂತ ಮೂರು ಬೇರೆ ಜಿಲ್ಲೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕು ಇರೋದು ಈ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿ. ಅಂದ್ರೆ ಜಮೀನಿನ ಲೆಕ್ಕಕ್ಕೆ ಅಪ್ಪ ಬೆಳಗಾವಿ ಜಿಲ್ಲೆಯವನು, ಶಾಲೆಯ ಲೆಕ್ಕಕ್ಕೆ ಮಗ ಚಿಕ್ಕೋಡಿ ಜಿಲ್ಲೆಯವನು. ಮೂಡಲಗಿಯದ್ದು ಇನ್ನೂ ಸ್ವಾರಸ್ಯ. ಹೋರಾಟ, ಧರಣಿ ಎಲ್ಲಾ ಆಗಿ ಗೋಕಾಕದಿಂದ ಬೇರೆಯಾಗಿ ಅದು ತಾಲೂಕಾಗಿ ಕೆಲಸ ಶುರು ಮಾಡಿದ್ದು 2018ರಲ್ಲಿ. ಆದರೆ ಶಿಕ್ಷಣ ಇಲಾಖೆ ಎಷ್ಟೋ ವರ್ಷ ಮುಂಚೆಯೇ 'ಮೂಡಲಗಿ ವಲಯ' ಅಂತ ಮಾಡಿ, ಅಲ್ಲೊಬ್ಬ ಕ್ಷೇತ್ರ ಶಿಕ್ಷಣಾಧಿಕಾರಿಯನ್ನ ಕೂರಿಸಿಬಿಟ್ಟಿತ್ತು. ತಹಶೀಲ್ದಾರರಿಗಿಂತ ಮೊದಲು ಬಿಇಒ ಸಾಹೇಬರು ಬಂದ ಊರು ಅದು.

ಶಾಲೆಯ ಗಡಿಗೆ ತನ್ನದೇ ಒಂದು ಚರಿತ್ರೆ ಇದೆ ಅಂತ ನನಗೆ ಹೊಳೆದದ್ದು ಅಲ್ಲಿಂದ. ಆ ಚರಿತ್ರೆಯನ್ನ ಕಣ್ಣಾರೆ ಕಂಡದ್ದು ಮಾತ್ರ ಒಂದು ಪಾಲಕರ ಸಭೆಯಲ್ಲಿ.

ಮೂಡಲಗಿ ತಾಲೂಕಿನ ಒಂದು ತೋಟದ ಶಾಲೆ. ಊರ ಹೆಸರು ಬೇಡ, ಅಲ್ಲಿನವರೇ ಬೇಡ ಅಂದಿದ್ದಾರೆ. ಎರಡು ಕೋಣೆ, ಮುಂದೆ ಒಂದು ಬೇವಿನ ಗಿಡ, ಒಬ್ಬರೇ ಮಾಸ್ತರು, ಹದಿನಾಲ್ಕು ಮಕ್ಕಳು. ಕಬ್ಬು ಕಟಾವಿನ ಕಾಲ. ಈ ಶಾಲೆಯನ್ನ ಊರೊಳಗಿನ ದೊಡ್ಡ ಶಾಲೆಗೆ ಸೇರಿಸ್ತಾರಂತೆ ಅಂತ ಸುದ್ದಿ ಹಬ್ಬಿತ್ತು. ಕಾಗದದ ಮೇಲೆ ಏನೂ ಬಂದಿರಲಿಲ್ಲ. ಬರೋದರೊಳಗೆ ನಾವೇ ಒಂದು ಮಾತು ಆಡಿಕೊಳ್ಳೋಣ ಅಂತ ಜನ ಸೇರಿದ್ದರು.

"ಸಾಲಿ ಇಲ್ಲೇ ಇರ್ಲಿರಿ. ಕೆನಾಲ್ ದಾಟಿ, ಟ್ಯಾಕ್ಟರ್ ನಡಕ ಹಾಯ್ದು, ಆರು ವರ್ಸದ ಹುಡುಗ ಹ್ಯಾಂಗ ಹೋಗ್ಬೇಕ್ರಿ?" ಅಂತ ಶುರು ಮಾಡಿದರು ಒಬ್ಬ ಹಿರಿಯರು. ಅವರ ಮಾತು ಮುಗಿಯೋ ಮುಂಚೆ ಒಬ್ಬ ತಾಯಿ ಎದ್ದು ನಿಂತಳು. "ಕಾಕಾ, ಇಲ್ಲಿ ಇದ್ದು ಏನ್ ಮಾಡೂದೈತಿ? ಒಬ್ಬಾವ ಮಾಸ್ತರ. ಮೀಟಿಂಗಿಗೆ ಹ್ವಾದ್ರ ಸಾಲಿ ಬಂದ್. ಊರಾಗಿನ ಸಾಲ್ಯಾಗ ಇಂಗ್ಲೀಷ್ ಐತಿ, ಕಂಪ್ಯೂಟರ್ ಐತಿ. ನಮ್ಮ ಮಕ್ಕಳು ಯಾವಾಗ್ಲೂ ತ್ವಾಟದಾಗ ಇರ್ಬೇಕೇನು?"

ಸಭೆ ಎರಡು ಪಾಲಾಯಿತು. ನಾನು ಕ್ಯಾಮೆರಾ ಆಫ್ ಮಾಡಿಸಿ ಕೂತು ಕೇಳಿದೆ. ಇಬ್ಬರದೂ ಸರಿ ಅನ್ನಿಸ್ತಿತ್ತು. ಚರ್ಚೆ ನಡೆಸೋ ನನ್ನಂಥವನಿಗೆ ಇದು ಬಹಳ ಕಷ್ಟದ ಪರಿಸ್ಥಿತಿ!

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಸುಮಾರು 160 ವರ್ಷ ಹಿಂದಕ್ಕೆ.

ಈ ಸೀಮೆ ಆಗ ಮುಂಬೈ ಪ್ರಾಂತ. 1854ರ ವುಡ್ ಸಾಹೇಬನ ಶಿಕ್ಷಣ ಪತ್ರದ ನಂತರ, 1855ರಲ್ಲಿ ಮುಂಬೈ ಸರ್ಕಾರ ಶಿಕ್ಷಣಕ್ಕೆ ಅಂತ ಪ್ರತ್ಯೇಕ ಇಲಾಖೆ ಮಾಡಿತು. ಹಳ್ಳಿಯಲ್ಲಿ ಶಾಲೆ ತೆಗೆಯೋಕೆ ದುಡ್ಡು ಎಲ್ಲಿಂದ? ರೈತನಿಂದಲೇ. 1860ರ ದಶಕದಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆ ಹೆಚ್ಚುವರಿ ಕರ ಹಾಕಿದರು. ಅದರಲ್ಲಿ ಎರಡು ಪಾಲು ರಸ್ತೆ ಮುಂತಾದ ಕೆಲಸಕ್ಕೆ, ಒಂದು ಪಾಲು ಶಾಲೆಗೆ. ಅಂದ್ರೆ ಗೋಕಾಕ, ಹುಕ್ಕೇರಿಯ ಜೋಳದ ರೈತ ತನ್ನ ಮಗ ಶಾಲೆಯ ಮೆಟ್ಟಿಲು ಹತ್ತೋದಕ್ಕೂ ಮುಂಚೆ ಶಾಲೆಗೆ ದುಡ್ಡು ಕೊಟ್ಟಿದ್ದ. 'ಸರ್ಕಾರಿ ಶಾಲೆ ಪುಕ್ಕಟೆ' ಅಂತ ನಾವು ಹಗುರವಾಗಿ ಮಾತಾಡ್ತೀವಲ್ಲ, ಈ ಒಂದಾಣೆ ಕರ ನೆನಪಿಟ್ಟುಕೊಳ್ಳಿ.

ದುಡ್ಡು ಕೊಟ್ಟಾಯ್ತು, ಶಾಲೆಯೂ ಬಂತು. ಆದರೆ ಯಾವ ಭಾಷೆಯಲ್ಲಿ? 1818ರವರೆಗೆ ಪೇಶ್ವೆ ಕಾಲದ ಆಡಳಿತ ನಡೆದ ಸೀಮೆ ಇದು. ಕಚೇರಿಯ ಕಾಗದ ಮರಾಠಿ, ಶಾಲೆಯ ಪುಸ್ತಕವೂ ಎಷ್ಟೋ ಕಡೆ ಮರಾಠಿ. ಮನೆಯಲ್ಲಿ ಕನ್ನಡ ಆಡೋ ಮಗು ಶಾಲೆಗೆ ಬಂದರೆ ಮೊದಲ ಗೋಡೆಯೇ ಭಾಷೆ. ಶಾಲೆ ಮನೆ ಪಕ್ಕದಲ್ಲೇ ಇದ್ದರೂ ದೂರ. ಈ ದೂರವನ್ನ ಅಳೆದವರು ಡೆಪ್ಯುಟಿ ಚನ್ನಬಸಪ್ಪ. 'ಡೆಪ್ಯುಟಿ' ಅವರ ಮನೆತನದ ಹೆಸರಲ್ಲ, ಶಿಕ್ಷಣ ಇಲಾಖೆಯ ಡೆಪ್ಯುಟಿ ಇನ್ಸ್‌ಪೆಕ್ಟರ್ ಹುದ್ದೆ. 1834ರಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡ ಈ ಮನುಷ್ಯ, ಬದುಕಿದ್ದ 47 ವರ್ಷದೊಳಗೆ ಮುಂಬೈ ಕರ್ನಾಟಕದ ಶಾಲೆಗಳನ್ನ ಕನ್ನಡಕ್ಕೆ ತಿರುಗಿಸೋ ಕೆಲಸದಲ್ಲಿ ಮುಂದೆ ನಿಂತರು. ಮೇಲಧಿಕಾರಿ ರಸೆಲ್ ಸಾಹೇಬರ ಬೆಂಬಲ ಅವರಿಗಿತ್ತು. ಶಾಲೆ ತೆರೆದು ಕೂತು ಮಕ್ಕಳು ಬರಲಿ ಅಂತ ಕಾಯಲಿಲ್ಲ. ಶಾಲೆಯನ್ನೇ ಮಕ್ಕಳ ಭಾಷೆಗೆ ಕರೆದುಕೊಂಡು ಹೋದರು.

ಇನ್ನೊಂದು ದೂರ ಇತ್ತು. ಅದು ಮೈಲಿಗಲ್ಲಿನ ಮೇಲೆ ಬರೆದಿರಲಿಲ್ಲ. ಶಾಲೆ ಗುಡಿಯಲ್ಲೋ, ಚಾವಡಿಯಲ್ಲೋ, ಮೇಲ್ಜಾತಿಯವರ ಓಣಿಯಲ್ಲೋ ಇರ್ತಿತ್ತು. ಕೇರಿಯ ಮಗುವಿಗೆ ಅದು ನೂರು ಹೆಜ್ಜೆ, ಆದರೆ ಆ ನೂರು ಹೆಜ್ಜೆ ಇಡೋ ಹಕ್ಕಿಲ್ಲ. ಸಾರ್ವಜನಿಕ ಹಣದಲ್ಲಿ ನಡೆಯುವ ಬಾವಿ, ಧರ್ಮಶಾಲೆಗಳ ಜತೆಗೆ ಶಾಲೆಗಳೂ ಅಸ್ಪೃಶ್ಯರಿಗೆ ತೆರೆದಿರಬೇಕು ಅಂತ ಮುಂಬೈ ಶಾಸನಸಭೆಯಲ್ಲಿ ಎಸ್.ಕೆ. ಬೋಲೆ ಅವರ ಠರಾವು ಪಾಸಾಗಿದ್ದು 1923ರಲ್ಲಿ. ಎರಡು ವರ್ಷದ ನಂತರ, 1925ರಲ್ಲಿ, ಹುಕ್ಕೇರಿಗೆ ಹತ್ತಿರದ ನಿಪ್ಪಾಣಿಗೆ ಬಾಬಾಸಾಹೇಬ್ ಅಂಬೇಡ್ಕರ್ ಬಂದು ಸಮಾವೇಶ ನಡೆಸಿದರು. ಠರಾವು ಪಾಸಾದ ಮಾತ್ರಕ್ಕೆ ಬಾಗಿಲು ತೆರೆಯಲ್ಲ ಅನ್ನೋದು ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? 'ನಮ್ಮ ಮಗು ಯಾರ ಜತೆ ಕೂರಬೇಕು' ಅನ್ನೋ ಜಗಳ ಈ ನೆಲಕ್ಕೆ ಹೊಸದೇನಲ್ಲ. ಇವತ್ತು ಅದು ಬೇರೆ ವೇಷ ಹಾಕಿಕೊಂಡಿರಬಹುದು, ಅಷ್ಟೇ.

ಅದೇ 1923ರಲ್ಲಿ ಮುಂಬೈನ ಪ್ರಾಥಮಿಕ ಶಿಕ್ಷಣ ಕಾಯ್ದೆ ಶಾಲೆಗಳ ಆಡಳಿತವನ್ನ ಸ್ಥಳೀಯ ಸಂಸ್ಥೆಗಳ ಕೈಗೆ ಕೊಟ್ಟಿತು. 1956ರಲ್ಲಿ ಚಂದಗಡ ತಾಲೂಕೊಂದನ್ನ ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು. ಶಾಲೆ ಅದೇ, ಬೇವಿನ ಗಿಡ ಅದೇ. ಬೋರ್ಡಿನ ಮೇಲಿನ ಯಜಮಾನ ಮಾತ್ರ ಬದಲಾಗ್ತಾ ಹೋದ.

ಹಾಗಾದರೆ ಈ 'ತೋಟದ ಶಾಲೆ' ಎಲ್ಲಿಂದ ಬಂತು? ಬೆಂಗಳೂರಲ್ಲಿ ಈ ಮಾತು ಹೇಳಿದರೆ ತೋಟಗಾರಿಕೆ ಕಲಿಸೋ ಶಾಲೆನಾ ಅಂತ ಕೇಳ್ತಾರೆ. ಅಲ್ಲ ಸ್ವಾಮಿ. ಇದು ನೀರು ಕಟ್ಟಿದ ಶಾಲೆ.

ಗೋಕಾಕ ಜಲಪಾತದ ಪಕ್ಕ ಹತ್ತಿ ಗಿರಣಿ ಶುರುವಾಗಿದ್ದು 1880ರ ದಶಕದಲ್ಲಿ. ಅದರ ಮೇಲ್ಭಾಗದ ಧೂಪದಾಳದಲ್ಲಿ 1897ರಲ್ಲಿ ಘಟಪ್ರಭೆಗೆ ಒಡ್ಡು ಬಂತು, ಕಾಲುವೆ ಹೊರಟಿತು. ಮುಂದೆ 1970ರ ದಶಕದಲ್ಲಿ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ ತುಂಬಿತು. ಹಿಡಕಲ್ ಹಿನ್ನೀರಿನಲ್ಲಿ ಹುನ್ನೂರಿನಂಥ ಊರುಗಳು ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿದರೆ ಅಲ್ಲಿನ ವಿಠ್ಠಲನ ಗುಡಿ ಈಗಲೂ ಮೇಲೆ ಕಾಣುತ್ತೆ. ಊರು ಮುಳುಗಿದಾಗ ಮನೆಯ ಜತೆ ಮಕ್ಕಳ ಶಾಲೆಯೂ ಹೊಸ ಜಾಗ ಹುಡುಕಿಕೊಂಡು ಹೊರಟಿತು.

ಕಾಲುವೆ ಕೆಳಗೆ ಆದದ್ದೇ ಬೇರೆ. ಮಳೆ ನಂಬಿದ ಜೋಳದ ಹೊಲಕ್ಕೆ ಊರಿನಿಂದ ಹೋಗಿ ಬಂದರೆ ಸಾಕಿತ್ತು. ನೀರಾವರಿ ಕಬ್ಬು ಹಾಗಲ್ಲ. ರಾತ್ರಿ ನೀರು ಹಾಯಿಸಬೇಕು, ಎಮ್ಮೆ ಕಟ್ಟಬೇಕು, ಕಾವಲಿರಬೇಕು. ಜನ ಊರು ಬಿಟ್ಟು ಹೊಲಕ್ಕೇ ಬಂದು ಮನೆ ಕಟ್ಟಿದರು. ಒಂದು ಮನೆ ನಾಲ್ಕಾಯಿತು, ನಾಲ್ಕು ಇಪ್ಪತ್ತಾಯಿತು. ಆ ಮನೆತನದ ಅಡ್ಡಹೆಸರೇ ತೋಟದ ಹೆಸರಾಯಿತು. ಮಕ್ಕಳು ಬೆಳೆದರು, ಶಾಲೆ ಬೇಕು ಅಂದರು. ಎಷ್ಟೋ ಕಡೆ ರೈತರೇ ನಾಲ್ಕು ಗುಂಟೆ ಜಾಗ ಬಿಟ್ಟುಕೊಟ್ಟರು. ಗೋಕಾಕ, ಮೂಡಲಗಿ, ರಾಯಬಾಗ, ಅಥಣಿ ಸೀಮೆಯ ಶಾಲೆಗಳ ಪಟ್ಟಿ ತೆಗೆದು ನೋಡಿ. 'ಸರ್ಕಾರಿ ಕಿರಿಯ ಪ್ರಾಥಮಿಕ ಕನ್ನಡ ಶಾಲೆ' ಅಂತ ಇದ್ದು, ಮುಂದೆ ಒಂದು ಅಡ್ಡಹೆಸರು, ಅದರ ಮುಂದೆ 'ತೋಟ'. ರಾಜ್ಯದ ಬೇರೆ ಕಡೆ ಶಾಲೆಗೆ ಊರಿನ ಹೆಸರು. ಇಲ್ಲಿ ಕಾಲುವೆ ನೀರು ಕುಡಿದ ಮನೆತನದ ಹೆಸರು.

ಇವತ್ತು ಲೆಕ್ಕದ ಪುಸ್ತಕದಲ್ಲಿ 'ಕಡಿಮೆ ದಾಖಲಾತಿ' ಅಂತ ಮೊದಲು ಕೆಂಪು ಗೆರೆ ಬೀಳೋದು ಇಂಥ ಶಾಲೆಗಳ ಮೇಲೇ.

ಇನ್ನು ಕಾನೂನಿಗೆ ಬರೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ 'ನೆರೆಹೊರೆಯ ಶಾಲೆ' ಅನ್ನೋ ಮಾತು ತಂದಿತು. ಒಂದರಿಂದ ಐದನೇ ತರಗತಿಗೆ 1 ಕಿಲೋಮೀಟರ್, ಆರರಿಂದ ಎಂಟಕ್ಕೆ 3 ಕಿಲೋಮೀಟರ್. ಅದೇ ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಶೇ. 25 ಸೀಟು ಬಡ ಮಕ್ಕಳಿಗೆ. ಕರ್ನಾಟಕದಲ್ಲಿ 2012ರಿಂದ ಜಾರಿಯಾಯ್ತು. ಆಮೇಲೆ ರಾಜ್ಯ ಸರ್ಕಾರ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟಿಲ್ಲ. 2019ರ ಮೇ 31ರಂದು ಹೈಕೋರ್ಟ್ ಆ ತಿದ್ದುಪಡಿಯನ್ನ ಎತ್ತಿಹಿಡಿಯಿತು. ಎಷ್ಟೋ ಪಾಲಕರ ಲೆಕ್ಕ ತಲೆಕೆಳಗಾಯ್ತು. ಸರ್ಕಾರ ಹೇಳಿದ್ದು, 'ಪಕ್ಕದಲ್ಲೇ ನಮ್ಮ ಶಾಲೆ ಇದೆ, ಅಲ್ಲಿಗೆ ಕಳಿಸಿ.' ಸರಿ, ಒಪ್ಪೋಣ.

ಆದರೆ ಅದರ ಹಿಂದಿನ ವರ್ಷ ಏನಾಗಿತ್ತು? 2018ರ ಜುಲೈ ಬಜೆಟ್‌ನಲ್ಲಿ ಮುಖ್ಯಮಂತ್ರಿ ಕುಮಾರಸ್ವಾಮಿ 28,847 ಶಾಲೆಗಳನ್ನ ಒಂದು ಕಿಲೋಮೀಟರ್ ಒಳಗಿನ 8,530 ಶಾಲೆಗಳ ಜತೆ ಸೇರಿಸೋ ಪ್ರಸ್ತಾಪ ಇಟ್ಟಿದ್ದರು. ಒಂದು ಕಡೆ 'ಪಕ್ಕದ ಶಾಲೆಗೇ ಹೋಗಿ', ಇನ್ನೊಂದು ಕಡೆ 'ಪಕ್ಕದ ಶಾಲೆಯನ್ನ ಅಲ್ಲಿಗೆ ಸೇರಿಸ್ತೀವಿ'. ತೋಟದ ಪಾಲಕ ಯಾವುದನ್ನ ನಂಬಬೇಕು? ವಿರೋಧ ಜೋರಾಗಿ ಬಂತು. ಇದೊಂದು ಪಕ್ಷದ ಕಥೆ ಅಂದುಕೊಳ್ಳಬೇಡಿ. 2011ರಲ್ಲಿ ಬಿಜೆಪಿ ಸರ್ಕಾರ ಇದ್ದಾಗಲೂ ಮಕ್ಕಳು ಕಡಿಮೆ ಇರೋ ಕನ್ನಡ ಶಾಲೆಗಳ ವಿಲೀನದ ಬಗ್ಗೆ ಇದೇ ಗದ್ದಲ ಎದ್ದಿತ್ತು. 2025ರ ಬಜೆಟ್‌ನಲ್ಲಿ ಕಾಂಗ್ರೆಸ್ ಸರ್ಕಾರ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆ ಅಂದಾಗ, ಸುತ್ತಲಿನ ಸಣ್ಣ ಶಾಲೆಗಳನ್ನೆಲ್ಲ ಅದಕ್ಕೆ ಸೆಳೆದುಕೊಳ್ತಾರೆ ಅನ್ನೋ ಆತಂಕ ಮತ್ತೆ ಶುರುವಾಯ್ತು. ಯಾವ ಶಾಲೆಯನ್ನೂ ಮುಚ್ಚಲ್ಲ ಅಂತ ಸರ್ಕಾರ ಹೇಳಿತು. ಮೂರು ಪಕ್ಷ, ಒಂದೇ ಸ್ಕೇಲು.

ಆ ಸ್ಕೇಲಿನ ವಿಚಾರವೇ ನನಗೆ ಹೇಳಬೇಕಿರೋದು. ನಾನು ಇಂಜಿನಿಯರಿಂಗ್ ಓದಿದವನು. ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರ ಸರಳರೇಖೆ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವನು. ಆ ತೋಟದಲ್ಲಿ ಸಭೆ ಶುರುವಾಗೋ ಮುಂಚೆ ಮೊಬೈಲ್ ನಕಾಶೆ ತೆಗೆದು ನೋಡಿದೆ. ತೋಟದ ಶಾಲೆಯಿಂದ ಊರ ಶಾಲೆಗೆ ಸರಳರೇಖೆಯಲ್ಲಿ ಒಂಬೈನೂರು ಮೀಟರ್. ಕಾಗದದ ಮೇಲೆ ಬಹಳ ಹತ್ತಿರ. ಆಮೇಲೆ ಮೂರನೇ ತರಗತಿಯ ಒಬ್ಬ ಹುಡುಗನ ಜತೆ ನಡೆದೆ. ಕಾಲುವೆ ಅಡ್ಡ ಬಂತು. ಸೇತುವೆ ಇರೋದು ಆ ಕಡೆ ದೂರದಲ್ಲಿ. ಅಲ್ಲಿಗೆ ಹೋಗಿ, ದಾಟಿ, ಡಾಂಬರು ರಸ್ತೆಗೆ ಬಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಹಾಡು ಹಚ್ಚಿಕೊಂಡು ಹೊರಟಿವೆ, ಚಾಲಕನಿಗೆ ಹಿಂದೆ ಏನಿದೆ ಅಂತ ಕಾಣೋದೇ ಇಲ್ಲ. ಊರ ಶಾಲೆ ಮುಟ್ಟಿದಾಗ ಮೊಬೈಲು ಎರಡೂಕಾಲು ಕಿಲೋಮೀಟರ್ ತೋರಿಸ್ತಿತ್ತು. ಹುಡುಗ ನನ್ನ ಮುಖ ನೋಡಿ, "ದಣದ್ರಿ ಏನ್ರಿ ಸರ?" ಅಂದ.

ಇದು ಹೊಸದಾಗಿ ನಾನು ಕಂಡುಹಿಡಿದ ಸತ್ಯವೇನಲ್ಲ. 1870ರಲ್ಲಿ ಇಂಗ್ಲೆಂಡ್ ತನ್ನ ಪ್ರಾಥಮಿಕ ಶಿಕ್ಷಣ ಕಾಯ್ದೆ ಬರೆದಾಗಲೇ, ಮಗುವಿನ ಮನೆಯಿಂದ ಶಾಲೆಗಿರೋ ದೂರವನ್ನ ಹತ್ತಿರದ ರಸ್ತೆಯ ಪ್ರಕಾರ ಅಳೆಯಬೇಕು ಅಂತ ಸ್ಪಷ್ಟವಾಗಿ ಹಾಕಿತ್ತು. ನಮ್ಮ ಶಿಕ್ಷಣ ಹಕ್ಕು ಕಾಯ್ದೆಗೆ ಕೇಂದ್ರ 2010ರಲ್ಲಿ ಮಾಡಿದ ಮಾದರಿ ನಿಯಮವೂ ಹೇಳೋದು ನಡಿಗೆಯ ದೂರವನ್ನೇ. ಅಷ್ಟೇ ಅಲ್ಲ, ಪ್ರವಾಹದ ಭಯ, ರಸ್ತೆ ಇಲ್ಲದಿರೋದು, ದಾರಿಯಲ್ಲಿ ಸಣ್ಣ ಮಕ್ಕಳಿಗೆ ಅಪಾಯ ಇವೆಲ್ಲ ಇದ್ದ ಕಡೆ ಆ ಮಿತಿಯನ್ನ ಇನ್ನೂ ಕಡಿಮೆ ಮಾಡಿ ಶಾಲೆ ಕೊಡಿ ಅನ್ನುತ್ತೆ. ಕಾನೂನಿಗೆ ಹೊಳೆ ಗೊತ್ತು, ಕಾಲುವೆ ಗೊತ್ತು. ಗೊತ್ತಿಲ್ಲದ್ದು ಎಕ್ಸೆಲ್ ಶೀಟಿಗೆ.

ಹೊಳೆ ಅಂದೆನಲ್ಲ. 2019ರ ಆಗಸ್ಟ್ ನೆನಪಿಸಿಕೊಳ್ಳಿ. ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದೊಳಗೇ ನುಗ್ಗಿತ್ತು. ಲೋಳಸೂರ ಸೇತುವೆ ಮುಳುಗಿ ಆಚೆ ದಂಡೆ ಈಚೆ ದಂಡೆ ಸಂಬಂಧ ಕಡಿದಿತ್ತು. 2024ರ ಜುಲೈನಲ್ಲಿ ಅದೇ ಸೇತುವೆ ಮತ್ತೆ ನೀರೊಳಗೆ. ಹಿರಣ್ಯಕೇಶಿ, ಮಾರ್ಕಂಡೇಯ, ಘಟಪ್ರಭೆ ಹರಿಯೋ ಈ ಸೀಮೆಯಲ್ಲಿ ಜನ ಮನೆ ಬಿಟ್ಟು ಓಡಿ ಬಂದಾಗ ಆಸರೆ ಕೊಟ್ಟದ್ದು ಏನು? ಶಾಲೆಯ ಕೋಣೆಗಳು. ಅದೇ ಶಾಲೆ ಹೊಳೆಯ ಆ ಕಡೆಗಿದ್ದರೆ?

ಈಗ ಆ ತಾಯಿಯ ಮಾತಿಗೆ ಬರ್ತೀನಿ. ಅದನ್ನ ತಳ್ಳಿಹಾಕಿದರೆ ನಾನು ಸುಳ್ಳುಗಾರನಾಗ್ತೀನಿ. ಒಬ್ಬ ಮಾಸ್ತರು ಐದು ತರಗತಿ ನೋಡಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಗಣತಿಗೂ ಹೋಗೋದು ಶಾಲೆ ನಡೆಸೋ ರೀತಿಯಲ್ಲ. ಸಣ್ಣ ಶಾಲೆ ಅಂದ ಕೂಡಲೇ ಕೆಟ್ಟ ಶಾಲೆ ಅನ್ನೋದೂ ತಪ್ಪು. ಬೇರೆ ಬೇರೆ ತರಗತಿಯ ಮಕ್ಕಳನ್ನ ಒಟ್ಟಿಗೆ ಕೂರಿಸಿ ಕಲಿಸೋ 'ನಲಿ-ಕಲಿ' 1995ರಲ್ಲಿ ಹೆಗ್ಗಡದೇವನಕೋಟೆಯ ಕಾಡಂಚಿನ ಇಂಥದೇ ಶಾಲೆಗಳಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹರಡಿತು. ಆದರೆ ಆ ತಾಯಿ ಕೇಳ್ತಿರೋದು ಕಲಿಸೋ ವಿಧಾನದ ಬಗ್ಗೆ ಅಲ್ಲ. ಊರೊಳಗಿನ ಮಗುವಿಗೆ ಸಿಗೋದು ನನ್ನ ಮಗುವಿಗೆ ಯಾಕಿಲ್ಲ ಅಂತ. ಕೇಳೋ ಹಕ್ಕು ಅವಳಿಗಿದೆ.

ಈ ಸೀಮೆಯ ಒಬ್ಬ ಹುಡುಗನ ಕಥೆ ನೋಡಿ. 1937ರಲ್ಲಿ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದವನು. ಓದಲು ಬಂದದ್ದು ಗೋಕಾಕಕ್ಕೆ. ತಾಲೂಕಿನ ಗಡಿ ಅವನನ್ನ ತಡೆಯಲಿಲ್ಲ, ಬಡತನ ತಡೆಯಿತು. ಶಾಲೆ ಬಿಟ್ಟ. ಆಗ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಓದಿನ ಖರ್ಚು ಹೊತ್ತರು. ಆ ಹುಡುಗನೇ ಚಂದ್ರಶೇಖರ ಕಂಬಾರ. ಮುಂದೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ, ಜ್ಞಾನಪೀಠ ಪುರಸ್ಕೃತರು. ಶಾಲೆಗಳ ವಿಲೀನ, ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಅಂತ ರಾಜ್ಯ ಕುದೀತಿದ್ದ 2019ರ ಜನವರಿಯಲ್ಲಿ ಧಾರವಾಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಿಂದ ಅವರು ಇಂಗ್ಲಿಷ್ ಮಾಧ್ಯಮದ ನಿರ್ಧಾರವನ್ನ ವಿರೋಧಿಸಿದರು. ಪ್ರಾಥಮಿಕ ಶಿಕ್ಷಣವನ್ನ ರಾಷ್ಟ್ರೀಕರಣ ಮಾಡಿ ಅಂದರು. ನೀವು ಅವರ ಮಾತು ಒಪ್ಪಬಹುದು, ಬಿಡಬಹುದು. ಆದರೆ ಒಂದು ಮಗು ಶಾಲೆಯಿಂದ ಜಾರಿ ಬೀಳೋದಕ್ಕೆ ಎಷ್ಟು ಸಣ್ಣ ಕಾರಣ ಸಾಕು ಅನ್ನೋದನ್ನ ಬದುಕಿ ಕಂಡವರ ಮಾತು ಅದು. ಎಲ್ಲ ಮಕ್ಕಳಿಗೂ ಒಬ್ಬ ಸ್ವಾಮಿಗಳು ಸಿಗಲ್ಲ. ಅದಕ್ಕೇ ಸರ್ಕಾರ ಅಂತ ಒಂದಿರಬೇಕು.

ಮತ್ತೆ ಸಭೆಗೆ ಹೋಗೋಣ. ವಾದ ಜೋರಾಗಿ ನಡೆದಿತ್ತು. ಆಗ ಹಿಂದೆ ಗೋಡೆಗೆ ಆತು ಕೂತಿದ್ದ ಒಬ್ಬ ಹೆಣ್ಣುಮಗಳು ಮೆಲ್ಲಗೆ ಮಾತಾಡಿದಳು. "ನನ್ನ ದೊಡ್ಡ ಮಗಳು ಐದನೇತ್ತೆ ಇಲ್ಲೇ ಕಲ್ತಳ್ರಿ. ಆರನೇತ್ತೆಕ ಊರಿಗೆ ಹೋಗ್ಬೇಕಾತು. ಒಂದ್ ಮಳಗಾಲ ಹ್ವಾದ್ಳು. ಆಮ್ಯಾಲ ಅವ್ರ ಅಪ್ಪ, ಹಾದಿ ಛಲೋ ಇಲ್ಲ, ಬ್ಯಾಡ ಅಂದ. ಕಬ್ಬಿನ ಕಸಾ ತಗಿಯಾಕ ಬಂದ್ಳು. ಈಗ ಸಾಲಿ ಒಂದನೇತ್ತೆಗೇ ಊರಿಗೆ ಹ್ವಾದ್ರ, ಸಣ್ಣಾಕಿ ಕಸಾ ತಗ್ಯೂದು ಒಂದನೇತ್ತೆಯಿಂದನ ಸುರು ಆಕ್ಕೈತಿ."

ಯಾರೂ ಉತ್ತರ ಕೊಡಲಿಲ್ಲ. ಇಂಗ್ಲಿಷ್ ಬೇಕು ಅಂದಿದ್ದ ತಾಯಿಯೂ ಸುಮ್ಮನೆ ಕೂತಳು.

ಸೈಕಲ್ ಕೊಟ್ಟೆವಲ್ಲ ಅಂತ ನೀವು ಕೇಳಬಹುದು. ಹೌದು, 2006-07ರಿಂದ ಶುರುವಾದ ಸೈಕಲ್ ಯೋಜನೆ ಲಕ್ಷಾಂತರ ಹೆಣ್ಣುಮಕ್ಕಳನ್ನ ಹೈಸ್ಕೂಲಿಗೆ ಮುಟ್ಟಿಸಿತು. ಆದರೆ ಅದು ಎಂಟನೇ ತರಗತಿಗೆ. ಎಂಟನೇ ತರಗತಿ ತನಕ ಬಂದವರಿಗೆ ಸೈಕಲ್. ಒಂದನೇ ತರಗತಿಯಲ್ಲೇ ದಾರಿ ತಪ್ಪಿದವರಿಗೆ?

ಆಮೇಲೆ ಆ ಸಭೆ ಮಾಡಿದ ಕೆಲಸ ನೋಡಿ ನನಗೆ ಖುಷಿಯಾಯ್ತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ನಮ್ಮಲ್ಲಿ ಎಸ್‌ಡಿಎಂಸಿ ಅಂತ ಕರೆಯೋ ಈ ಸಮಿತಿಯ ಠರಾವು ಪುಸ್ತಕ ತರಿಸಿದರು. ಮಾಸ್ತರು ಬರೆದರು, ಜನ ಹೇಳಿದರು. ಒಂದು, ಶಾಲೆ ಸೇರಿಸೋ ವಿಚಾರ ಇದ್ದರೆ ಮೊದಲು ನಮ್ಮನ್ನ ಕರೆದು ಕೇಳಬೇಕು. ಎರಡು, ದೂರ ಅಳೆಯೋರು ಮಗುವಿನ ಜತೆ ನಡೆದು ಅಳೆಯಬೇಕು, ಅದೂ ಮಳೆಗಾಲದಲ್ಲಿ ಒಂದು ಸಲ, ಕಬ್ಬಿನ ಸೀಜನ್ನಿನಲ್ಲಿ ಒಂದು ಸಲ. ಮೂರು, ಕಾಲುವೆಗೆ ಕಾಲುಸೇತುವೆ ಮತ್ತು ಮಕ್ಕಳಿಗೆ ಗಾಡಿ ಮೊದಲು ಬರಲಿ, ಒಂದು ವರ್ಷ ನಡೆದು ತೋರಿಸಲಿ, ಆಮೇಲೆ ಮಾತು. ನಾಲ್ಕನೆಯದನ್ನ ಇಂಗ್ಲಿಷ್ ಬೇಕು ಅಂದ ತಾಯಿಯೇ ಬರೆಸಿದಳು. ಅಲ್ಲಿಯವರೆಗೆ ಇಲ್ಲಿಗೆ ಇನ್ನೊಬ್ಬ ಮಾಸ್ತರನ್ನ ಕೊಡಬೇಕು.

ನಾಲ್ಕೇ ಸಾಲು. ಇದಕ್ಕಿಂತ ಒಳ್ಳೆಯ ಶಿಕ್ಷಣ ನೀತಿಯನ್ನ ನನ್ನ ಸ್ಟುಡಿಯೋಗೆ ಬಂದ ಯಾವ ತಜ್ಞರೂ ಹೇಳಿಲ್ಲ. ಒಂದಾಣೆ ಕರ ಕೊಟ್ಟವರ ಮರಿಮಕ್ಕಳು, ನಾಲ್ಕು ಗುಂಟೆ ಜಾಗ ಬಿಟ್ಟವರ ಮೊಮ್ಮಕ್ಕಳು ಅವರು. ಗಡಿ ಬದಲಾಗೋದೇ ಬೇಡ ಅಂತ ಅವರು ಹೇಳ್ತಿಲ್ಲ. ಈ ನೆಲದಲ್ಲಿ ಗಡಿ ಎಷ್ಟು ಸಲ ಬದಲಾಗಿದೆ ಅನ್ನೋದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಗೆರೆ 'ಎಳೆಯೋ ಮುಂಚೆ ಕೇಳಿ' ಅಂತಿದ್ದಾರೆ.

ಆ ಪುಸ್ತಕದಲ್ಲಿ ಎಲ್ಲರೂ ಸಹಿ ಹಾಕಿದರು. ಗೋಡೆಗೆ ಆತು ಕೂತಿದ್ದ ಹೆಣ್ಣುಮಗಳು ಹೆಬ್ಬೆಟ್ಟು ಒತ್ತಿದಳು. ಪಕ್ಕದಲ್ಲಿ ಅವಳ ಹೆಸರು ಬರೆದದ್ದು ಐದನೇ ತರಗತಿಗೆ ಓದು ನಿಂತ ದೊಡ್ಡ ಮಗಳು. ಅಕ್ಷರ ದುಂಡಗಿತ್ತು.